ಯಾವ ಬಸ್ಯಾನ ಕೆಲಸ ಇದು?

ಕುಕ್ಕರಿನ ಮುಚ್ಚಳದ ಹಿಡಿ ಸಡಿಲವಾಗಿತ್ತು. ಬೇಳೆ ಇಟ್ಟರೆ ಎರಡನೆಯ ಸೀಟಿಗೇ ಅಂಚಿನಿಂದ ಹಳದಿ ನೀರು ಚಿಮ್ಮಿ ಗೋಡೆಯ ಟೈಲ್ಸಿಗೆ ಅರಿಸಿನ ಹಚ್ಚುತ್ತಿತ್ತು. ಮೊನ್ನೆ ಅದನ್ನು ಚೀಲದಲ್ಲಿ ಹಾಕಿಕೊಂಡು ಅಥಣಿಯ ಪೇಟೆಗೆ ಹೋದೆ. ರಿಪೇರಿ ಅಂಗಡಿಯವನು ಮುಚ್ಚಳವನ್ನು ಬೆಳಕಿಗೆ ಹಿಡಿದು, ಸ್ಕ್ರೂ ತಿರುವಿ ನೋಡಿ, ಮೂಗಿನಲ್ಲೇ ನಕ್ಕ.

"ಯಾವ ಬಸ್ಯಾ ಮಾಡ್ಯಾನ್ರಿ ಅಕ್ಕಾರ ಇದನ್ನ?"

ಹಿಂದಿನ ಸಲ ಅದನ್ನು ರಿಪೇರಿ ಮಾಡಿದವನು ಅವನೇ. ಹೇಳಬೇಕೆನಿಸಿತು, ಹೇಳಲಿಲ್ಲ. ಕಾನ್ವೆಂಟಿನಲ್ಲಿ ಕಲಿತ ನನ್ನಂಥ ಹೆಂಗಸರ ಪಾಡೇ ಇದು. ಸರಿಯಾದ ಮಾತು ಸರಿಯಾದ ಹೊತ್ತಿಗೆ ನಾಲಿಗೆಯ ತುದಿಯವರೆಗೆ ಬರುತ್ತದೆ. ಬಂದು, ಒಳಗೆ ಬರಲೇ ಎಂದು ಅಪ್ಪಣೆ ಕೇಳುತ್ತ ನಿಂತುಬಿಡುತ್ತದೆ. ಸುಮ್ಮನೆ ಸ್ಟೂಲಿನ ಮೇಲೆ ಕುಳಿತು ಅಂಗಡಿಯ ಬೋರ್ಡು ಓದಿದೆ. ಮಿಕ್ಸರ್, ಕುಕ್ಕರ್, ಗ್ಯಾಸ್ ಸ್ಟೋವ್ ರಿಪೇರಿ ಮಾಡಿಕೊಡಲಾಗುವುದು. ಕೆಳಗೆ ಕೆಂಪು ಅಕ್ಷರದಲ್ಲಿ, ಪ್ರೊ. ಬಸವರಾಜ.

ತನ್ನ ಹೆಸರನ್ನೇ ಒಗೆದು ಇನ್ನೊಬ್ಬನನ್ನು ಬೈದೆ ಎಂಬುದು ಆ ಮನುಷ್ಯನಿಗೆ ಹೊಳೆದೇ ಇರಲಿಲ್ಲ. ನಮ್ಮ ಕಡೆ ಯಾರಿಗೂ ಹೊಳೆಯುವುದಿಲ್ಲ.

ಈ ಬಸ್ಯಾನನ್ನು ನೀವು ನೋಡಿರಲಿಕ್ಕಿಲ್ಲ. ಏಕೆಂದರೆ ಅವನು ಯಾವಾಗಲೂ ಆಗಷ್ಟೇ ಕೆಲಸ ಕೆಡಿಸಿ ಹೊರಟುಹೋಗಿರುತ್ತಾನೆ. ಕಬ್ಬಿನ ಟ್ರಾಲಿಯ ಹಗ್ಗ ಸಡಿಲಾಗಿ ಕಾಗವಾಡದ ರಸ್ತೆಯ ತುಂಬ ಕಬ್ಬು ಚೆಲ್ಲಿದರೆ ಅದು ಬಸ್ಯಾ ಕಟ್ಟಿದ ಹಗ್ಗ. ಹಾಲು ಕಂಡೂ ಕಾಣದಂತಿರುವ ಚಹಾ ಬಸ್ಯಾನ ಚಾ. ಮದುವೆಯ ಫೋಟೋದಲ್ಲಿ ಮದುಮಗನ ಪೇಟ ಅರ್ಧಕ್ಕೆ ಕತ್ತರಿಸಿಹೋಗಿದ್ದರೆ ಕ್ಯಾಮೆರಾ ಹಿಡಿದವ ಬಸ್ಯಾ. ಮೋಸಹೋದವನು 'ಬಸ್ಯಾ ಆದ'. ಮೋಸ ಮಾಡಿದವನು ಅವನನ್ನು 'ಬಸ್ಯಾ ಮಾಡಿದ'. ಇಲ್ಲೊಂದು ಸಂಗತಿ ಗಮನಿಸಿ. ಮೋಸಹೋದವನಿಗೆ ಹೆಸರು ಕೊಟ್ಟಿರುವ ನಮ್ಮ ಮಂದಿ ಮೋಸ ಮಾಡಿದವನಿಗೆ ಮಾತ್ರ ಯಾವ ಹೆಸರನ್ನೂ ಕೊಟ್ಟಿಲ್ಲ. ಅವನಿಗೆ ಸಾಮಾನ್ಯವಾಗಿ ಶಾಲು ಹೊದಿಸಿ ಹಾರ ಹಾಕುತ್ತಾರೆ.

ಕೃಷ್ಣೆ ದಾಟಿ ಮರಾಠಿ ಊರಿಗೆ ಹೋದರೆ ಇದೇ ಬಸ್ಯಾ ಗಣಪ್ಯಾ ಆಗಿ ಇದೇ ಕೆಲಸಗಳನ್ನು ಕೆಡಿಸುತ್ತಿರುತ್ತಾನೆ. ಗಡಿ ಎಂದರೆ ಬಸ್ಸಿನ ಬೋರ್ಡಿಗೆ ಮಸಿ ಬಳಿಯುವವರೆಗೂ ಹೋಗುವ ಎರಡೂ ಕಡೆಯವರು ಈ ಒಂದು ವಿಷಯದಲ್ಲಿ ಒಮ್ಮತದಿಂದಿದ್ದಾರೆ. ಬಡವನ ಹೆಸರಿಗೆ ಗಡಿ ಇಲ್ಲ.

ಬಡವನ ಹೆಸರು ಎಂದೆ. ತಪ್ಪು. ಅದು ಎಲ್ಲರ ಹೆಸರು. ಇಲ್ಲಿಯ ಯಾವ ಮನೆಯಲ್ಲಿ ಒಬ್ಬ ಬಸವಣ್ಣನ ಹೆಸರಿನವನಿಲ್ಲ ಹೇಳಿ? ಆದರೆ ಅದೇ ಹೆಸರು ಇಪ್ಪತ್ತು ಎಕರೆ ತೋಟವಿದ್ದರೆ ಬಸಗೌಡರು, ನೌಕರಿ ಇದ್ದರೆ ಬಸವರಾಜ ಸರ್, ಬರೀ ವಯಸ್ಸಿದ್ದರೆ ಬಸಪ್ಪ, ಮಡಿಲಲ್ಲಿದ್ದರೆ ಬಸೂ. ಇವು ಯಾವುವೂ ಇಲ್ಲದವನು ಬಸ್ಯಾ.

ನನ್ನ ಗಂಡನ ದೊಡ್ಡಪ್ಪನ ಮಗ ಬಸಗೌಡರದು ದ್ರಾಕ್ಷಿ ತೋಟ. ಹೊಸ ಮನೆ ಕಟ್ಟಿಸಿದಾಗ ಮಹಡಿಯ ಬಚ್ಚಲಿಗೆ ಮಿರಜದಿಂದ ಒಂದು ಟಬ್ಬು ತರಿಸಿದರು. ಪಿಂಗಾಣಿಯದು, ಎಮ್ಮೆ ಮಲಗಬಹುದಾದಷ್ಟು ದೊಡ್ಡದು. ಆರು ಜನ ಅದನ್ನು ಮೆಟ್ಟಿಲು ಹತ್ತಿಸಿದರು. ಹತ್ತಿಸಿದ ಮೇಲೆ ಗೊತ್ತಾಯಿತು, ನೀರಿನ ಟಾಕಿ ಮಹಡಿಗಿಂತ ಕೆಳಗಿದೆ. ಟಬ್ಬಿಗೆ ಇವತ್ತಿನವರೆಗೆ ಒಂದು ಹನಿ ನೀರು ಏರಿಲ್ಲ; ಅದರಲ್ಲಿ ಒಣದ್ರಾಕ್ಷಿಯ ಖಾಲಿ ಬಾಕ್ಸುಗಳಿವೆ. ಯಾರಾದರೂ ಬಸಗೌಡರನ್ನು ಬಸ್ಯಾ ಅಂದರೇ? ಅನ್ನಲಿಲ್ಲ. "ಗೌಡರದು ಹೌಸ್ ಭಾಳ" ಅಂದರು; ಹೌಸ್ ಎಂದರೆ ಶೋಕಿ. ಟಬ್ಬು ಹೊತ್ತ ಆರು ಜನರಲ್ಲಿ ಒಬ್ಬ ಮೆಟ್ಟಿಲಿನ ಅಂಚಿಗೆ ತಗುಲಿಸಿ ಒಂದು ಚಿಕ್ಕ ಚಕ್ಕೆ ಎಬ್ಬಿಸಿದ್ದ. ಹೌದು, ಅವನೇ ಬಸ್ಯಾ ಆದ. ಅವನ ಹೆಸರು ರಾಮು.

ನನಗೆ ಈ ಮಾತಿನ ಮೇಲೆ ಇಷ್ಟು ಸಿಟ್ಟು ಯಾಕೆಂದು ಕೇಳುತ್ತೀರಿ. ನನ್ನ ಅಪ್ಪನ ಹೆಸರು ಬಸಪ್ಪ.

ಅಪ್ಪ ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ ಗುಮಾಸ್ತನಾಗಿದ್ದ. ಮೂಟೆಗಳ ಮೇಲೆ ಕರಿ ಬಣ್ಣದಲ್ಲಿ ನಂಬರು ಬರೆಯುವುದೂ ಅವನದೇ ಕೆಲಸ. ಗೋಣಿಯ ಒರಟಿನ ಮೇಲೆ ಅವನ ಎಂಟುಗಳು ಎಷ್ಟು ದುಂಡಗೆ ಕೂರುತ್ತಿದ್ದವೆಂದರೆ ಹಮಾಲರು ನಂಬರು ಮಾಸದಂತೆ ಮೂಟೆಯನ್ನು ತಿರುಗಿಸಿ ಹೊರುತ್ತಿದ್ದರು. ಸಂಜೆ ಮನೆಗೆ ಬಂದರೆ ಅಂಗಿಯಿಂದ ಘಾಟು. ಅವ್ವ ಎರಡು ಸೀನು ಸೀನಿ ಚಹಾ ಇಡುತ್ತಿದ್ದಳು. ಆ ಎರಡು ಸೀನು ಕೇಳಿದರೆ ಆರು ಗಂಟೆಯಾಯಿತೆಂದು ನಾನು ಪುಸ್ತಕ ತೆಗೆಯುತ್ತಿದ್ದೆ.

ಮಗಳು ಇಂಗ್ಲಿಷ್ ಕಲಿಯಲಿ ಎಂದು ನನ್ನನ್ನು ಕಾನ್ವೆಂಟಿಗೆ ಹಾಕಿದ. ಒಮ್ಮೆ ಪಾಲಕರ ಸಭೆಯಲ್ಲಿ ದೊಡ್ಡ ಸಿಸ್ಟರ್ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಎಚ್ಚರಿಕೆ ಕೊಟ್ಟರು. ಶಾಲೆಯ ಹೊತ್ತಿನಲ್ಲಿ ಟಾಮ್, ಡಿಕ್, ಹ್ಯಾರಿಗಳೆಲ್ಲ ಒಳಗೆ ಬರುವಂತಿಲ್ಲ ಎಂದು. ಅಪ್ಪ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತು, ಅರ್ಥವಾದವರಂತೆ ತಲೆಯಾಡಿಸುತ್ತ ಕೇಳಿದ. ಮನೆಗೆ ಬರುವ ದಾರಿಯಲ್ಲಿ, ಆ ಮೂವರು ಯಾರು, ಅವರು ಅಂಥದ್ದೇನು ತಪ್ಪು ಮಾಡಿದ್ದಾರೆ ಎಂದು ಕೇಳಿದ. ಅವರು ಯಾರೂ ಅಲ್ಲ, ಯಾರ್ಯಾರೋ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಹಾಗೆ ಅನ್ನುತ್ತಾರೆ ಎಂದು ನಾನು ಪಂಡಿತಳಂತೆ ವಿವರಿಸಿದೆ. ಓಣಿಯ ಮೂಲೆಯವರೆಗೆ ಯೋಚಿಸುತ್ತ ಬಂದವನು, "ಹಂಗಾದ್ರ ಅವರ ಊರಾಗೂ ಬಸ್ಯಾಗೋಳ ಅದಾರ ಅನ್ನು" ಎಂದ. ಎಂದು ಅವನೇ ನಕ್ಕ. ನಾನು ನಗಲಿಲ್ಲ. ಹಿಂದೆ ನನ್ನ ಕ್ಲಾಸಿನ ಹುಡುಗಿಯರು ಬರುತ್ತಿದ್ದರು.

ಅಪ್ಪನ ಹೆಸರಿಗೆ ನಾನು ಮಾಡಿದ್ದು ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಎಂಟನೆಯ ತರಗತಿಯಲ್ಲಿ ನನಗೆ ಅಕ್ಷರ ಚೆಂದವೆಂದು ಬಹುಮಾನ ಬಂತು. ಅಕ್ಷರ ಅವನದೇ, ಕೈ ಮಾತ್ರ ನನ್ನದು. ಬಹುಮಾನದವರ ತಂದೆಯ ಹೆಸರು ಬರೆದುಕೊಡಿ ಎಂದು ಟೀಚರು ಚೀಟಿ ಕೊಟ್ಟಾಗ, ಆಚೀಚೆ ಕುಳಿತವರು ರಾಬರ್ಟ್, ಅಶೋಕ ಕುಮಾರ ಎಂದೆಲ್ಲ ಬರೆಯುವುದನ್ನು ಓರೆಗಣ್ಣಿನಲ್ಲಿ ನೋಡಿ, ನಾನು 'ಮಿಸ್ಟರ್ ಬಿ. ರಾಜ್' ಎಂದು ದುಂಡಗೆ ಬರೆದುಕೊಟ್ಟೆ. ಸಮಾರಂಭದ ದಿನ ಮೈಕಿನಲ್ಲಿ ಮಿಸ್ಟರ್ ಬಿ. ರಾಜ್ ವೇದಿಕೆಗೆ ಬರಬೇಕೆಂದು ಮೂರು ಸಲ ಕರೆದರು. ಅಪ್ಪ ಇಸ್ತ್ರಿಯ ಬಿಳಿ ಅಂಗಿಯಲ್ಲಿ ಕುಳಿತು, ಆ ದೊಡ್ಡ ಮನುಷ್ಯ ಯಾವ ಕಡೆಯಿಂದ ಬರುತ್ತಾನೆಂದು ಹಿಂದೆ ಮುಂದೆ ನೋಡುತ್ತ ಚಪ್ಪಾಳೆ ತಟ್ಟಿದ. ನಾನು ವೇದಿಕೆಯ ಮೇಲೆ ಒಬ್ಬಳೇ ನಿಂತು ಬಹುಮಾನ ತೆಗೆದುಕೊಂಡೆ. ಒಂದು ಕಂಪಾಸು ಪೆಟ್ಟಿಗೆ. ಮನೆಗೆ ಬಂದ ಮೇಲೂ ಅಪ್ಪ, "ನಿನ್ನ ಹೆಸರ ಕರದ್ರಲ್ಲ, ಸಾಕಲ್ಲ" ಎಂದನೇ ಹೊರತು ಬೇರೇನೂ ಕೇಳಲಿಲ್ಲ.

ಹಾಗಾಗಿ ನಾನು ಬೇರೆಯವರನ್ನು ಆಡಿಕೊಳ್ಳುವಾಗ, ಆ ಸಾಲಿನ ಕೊನೆಯಲ್ಲಿ ನಾನೂ ಒಂದು ಕುರ್ಚಿ ಹಾಕಿಕೊಂಡು ಕುಳಿತಿದ್ದೇನೆಂದು ತಿಳಿದುಕೊಳ್ಳಿ.

ಮದುವೆಯಾಗಿ ಈ ಮನೆಗೆ ಬಂದದ್ದು ಊರಿಗೆ ಮೊಬೈಲುಗಳು ಬರುತ್ತಿದ್ದ ಕಾಲದಲ್ಲಿ. ಮೈದುನ ಅಶೋಕ ಮೊದಲ ಮೊಬೈಲು ತಂದಿದ್ದ. ಸಿಗ್ನಲ್ಲು ಸಿಗುತ್ತಿದ್ದದ್ದು ಅಂಗಳದ ಬೇವಿನ ಮರದ ಕೆಳಗೆ ಮಾತ್ರ. ಅಲ್ಲಿ ನಿಂತು ಅವನು ದ್ರಾಕ್ಷಿ ವ್ಯಾಪಾರಿಗಳೊಂದಿಗೆ ಇಡೀ ಓಣಿಗೆ ಕೇಳುವಂತೆ ಮಾತಾಡುತ್ತಿದ್ದ. ಅವನ ವ್ಯವಹಾರದ ಮಾತೆಲ್ಲ ಒಂದೇ ವಾಕ್ಯದಿಂದ ಶುರುವಾಗುತ್ತಿತ್ತು: "ನನ್ನೇನ ಬಸ್ಯಾ ಅಂತ ತಿಳದೀ ಏನ?" ನಾನು ಬಂದ ಮೊದಲ ವಾರ ಎಣಿಸಿದ್ದೆ. ಒಂದು ಬೆಳಿಗ್ಗೆ ಒಂಬತ್ತು ಸಲ.

ಅತ್ತೆಗೂ ಅದೇ ಮಾತು. ರೊಟ್ಟಿ ಸೀದರೆ ಬಸ್ಯಾನ ರೊಟ್ಟಿ. ಯಡೂರಿಗೆ ಹೋಗಿ ವೀರಭದ್ರನಿಗೆ ಕಾಯಿ ಒಡೆಸುವಾಗ ಕಾಯಿ ಕೆಟ್ಟಿದ್ದರೆ, ಅದನ್ನು ಆರಿಸಿ ತಂದವನು ಬಸ್ಯಾ. ದೇವರ ಎದುರಿಗೇ. ರಾಯಬಾಗಕ್ಕೆ ಕೊಟ್ಟ ನಾದಿನಿ ಸುನಂದಾ ಬಂದರಂತೂ ಎರಡು ಪಾಲು. ನಾನೇ ಯಾರೂ ಇಲ್ಲದಾಗ ಮೊದಲನೆಯ ಮಗನ ಶೂ ಲೇಸು ಬಿಚ್ಚಿಹೋದದ್ದನ್ನು ಕಟ್ಟುತ್ತ, "ಯಾವ ಬಸ್ಯಾ ಕಟ್ಟಿದ್ದೋ" ಎಂದುಬಿಟ್ಟೆ. ಕಟ್ಟಿದವಳು ನಾನೇ.

ತಮ್ಮ ಬೀಗರ ಹೆಸರೂ ಇದೇ ಎಂಬುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಲಗ್ನಪತ್ರಿಕೆಯಲ್ಲಿ ಅಚ್ಚಾಗಿತ್ತು. ಆದರೆ ಹೆಣ್ಣು ಕೊಟ್ಟವರ ಹೆಸರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅಪ್ಪ ಇವರ ಬಾಯಲ್ಲಿ 'ನಿಪ್ಪಾಣಿಯವರು'. ವರ್ಷಕ್ಕೆ ಎರಡು ಮೂರು ಸಲ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದ. ಚಪ್ಪಲಿಗಳನ್ನು ಬಾಗಿಲಿಗೆ ಬೆನ್ನು ಮಾಡಿ ಜೋಡಿಸಿ, ಹೊರಗಿನ ಪಡಸಾಲೆಯ ಬಾಕಿನ ತುದಿಗೆ ಕುಳಿತು ಮರಾಠಿ ಪೇಪರು ಓದುತ್ತಿದ್ದ. ಅಶೋಕ ಬೇವಿನ ಕೆಳಗೆ ಕೂಗುವಾಗ ಅಪ್ಪನ ಪೇಪರು ಸ್ವಲ್ಪ ಮೇಲಕ್ಕೇರುತ್ತಿತ್ತು. ಮುಖ ಮುಚ್ಚುವಷ್ಟು. ಸಣ್ಣ ಅಕ್ಷರ, ಕಣ್ಣಿಗೆ ಹತ್ತಿರ ಹಿಡಿಯುತ್ತಾನೆ ಎಂದುಕೊಂಡಿದ್ದೆ.

ನಮ್ಮಲ್ಲಿ ಮೊದಲ ಮಗನಿಗೆ ಗಂಡನ ಕಡೆಯ ಅಜ್ಜನ ಹೆಸರು, ಎರಡನೆಯವನಿಗೆ ಹೆಂಡತಿಯ ಕಡೆಯ ಅಜ್ಜನ ಹೆಸರು. ಮೊದಲನೆಯವನಿಗೆ ತೀರಿಹೋದ ಮಾವನವರ ಹೆಸರಿಟ್ಟರು, ಶಿವಗೌಡ. ಇಟ್ಟ ಮೇಲೆ ಒಂದು ತೊಡಕು. ಅತ್ತೆ ಗಂಡನ ಹೆಸರು ಹೇಳುವಂತಿಲ್ಲ, ನಾನು ಮಾವನ ಹೆಸರು ಹೇಳುವಂತಿಲ್ಲ, ಹಿರಿಯರ ಹೆಸರು ಹಿಡಿದು ಯಾರೂ ಬೈಯುವಂತಿಲ್ಲ. ಅವನು ಮನೆಯಲ್ಲಿ 'ಅಪ್ಪಾಸಾಬ' ಆದ. ಬೆಲ್ಲದ ಡಬ್ಬಿ ಬೀಳಿಸಿದರೂ, "ಹಂಗ ಮಾಡಬಾರದ್ರಿ ಅಪ್ಪಾಸಾಬ" ಎಂದು ಅತ್ತೆ ಬಹುವಚನದಲ್ಲಿ ಬೇಡಿಕೊಳ್ಳುತ್ತಿದ್ದರು. ಹೆಸರಿಗೆ ಅಷ್ಟು ಮರ್ಯಾದೆ ಈ ಮನೆಯಲ್ಲಿ. ಹೆಸರು ತಮ್ಮದಾಗಿದ್ದರೆ.

ಎರಡನೆಯವನು ಹುಟ್ಟುವ ಹೊತ್ತಿಗೆ ನನ್ನ ಅವ್ವ ತೀರಿಕೊಂಡು ವರ್ಷವಾಗಿತ್ತು. ಹಾಗಾಗಿ ಬಾಣಂತನ ಇಲ್ಲೇ. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುವುದೆಂದಾಯಿತು. ಪದ್ಧತಿಯ ಪ್ರಕಾರ ಯಾವ ಹೆಸರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಕೇಳುವ ಅಗತ್ಯವಿಲ್ಲದ ವಿಷಯಕ್ಕೇ ಈ ಮನೆಯಲ್ಲಿ ಸಭೆ ಸೇರುತ್ತದೆ. ಸುನಂದಾ ರಾಯಬಾಗದಿಂದ ಹೆಸರು ತಂದೇ ಬಂದಿದ್ದಳು: ಆರ್ಯನ್. ಯಾವುದೋ ಟಿವಿ ಸೀರಿಯಲ್ಲಿನ ಹುಡುಗನದು. ಅತ್ತೆಯ ಬಾಯಲ್ಲಿ ಅದು 'ಆರೇಣ' ಆಗುತ್ತಿತ್ತು; ಆದರೂ ಅವರು ಒಪ್ಪಿದರು.

"ಬಸಪ್ಪ ಅಂತ ಇಟ್ರ ಸಾಲ್ಯಾಗ ಹುಡುಗೂರ ನಗತಾವು, ವೈನಿ" ಎಂದಳು ಸುನಂದಾ, ಕೂಸಿನ ಕಾಲಿಗೆ ಎಣ್ಣೆ ಹಚ್ಚುತ್ತ. "ನೀವ ಕಾನ್ವೆಂಟಿನ್ಯಾಗ ಕಲತವರು, ನಿಮಗ ನಾ ಹೇಳಬೇಕೇನು?"

ಯಾರಿಂದಾಗಿ ನಗುತ್ತಾರೆ ಎಂದು ನಾನು ಕೇಳಬಹುದಿತ್ತು. ಮಾತು ಮತ್ತೆ ಅಪ್ಪಣೆ ಕೇಳುತ್ತ ಬಾಗಿಲಲ್ಲೇ ನಿಂತಿತು. ನನ್ನ ಗಂಡ ಒಳ್ಳೆಯವರು; ಒಳ್ಳೆಯವರು ಮಾಡುವಂತೆ, ಹೆಂಗಸರ ಶಾಸ್ತ್ರದಲ್ಲಿ ತಾವು ಬಾಯಿ ಹಾಕುವುದಿಲ್ಲವೆಂದು ತೋಟಕ್ಕೆ ಹೋದರು. ಹೆಸರಿಡುವ ಹಕ್ಕು ಸೋದರತ್ತೆಯದು. ಅವಳು ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುತ್ತಾಳೆ. ಹೆಸರು ಬಾಯಿಂದ ಬಿದ್ದ ಕೂಡಲೇ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದು ಬಿದ್ದರೆ ಹೆಸರು ಬಿದ್ದಂತೆ. ತಾಯಿಯಾದವಳಿಗೆ ಅಲ್ಲಿ ಸೆರಗು ಹೊದ್ದು ಕೂರುವುದನ್ನು ಬಿಟ್ಟರೆ ಕೆಲಸವಿಲ್ಲ.

ಹಿಂದಿನ ದಿನ ಅಪ್ಪ ಬಂದ. ಅಜ್ಜನ ಮನೆಯಿಂದ ಬರಬೇಕಾದದ್ದನ್ನೆಲ್ಲ ತಾನೊಬ್ಬನೇ ತಂದಿದ್ದ: ಬೆಳ್ಳಿಯ ಉಡದಾರ, ಕೆಂಪು ಅಂಚಿನ ಕುಂಚಿಗೆ, ಕರೋಶಿಯಲ್ಲಿರುವ ತನ್ನ ತಂಗಿ ಹೊಲಿದುಕೊಟ್ಟ ಕೌದಿ. ಬಾಣಂತಿಯ ಕೋಣೆಯ ಹೊಸ್ತಿಲ ಹೊರಗೇ ನೆಲದ ಮೇಲೆ ಕುಳಿತ. ಒಳಗೆ ಬಾ ಎಂದರೆ ಬರಲಿಲ್ಲ. ಸ್ವಲ್ಪ ಹೊತ್ತು ಲೋಬಾನದ ಹೊಗೆಯೊಳಗೆ ಕೂಸನ್ನು ನೋಡಿದ. ಕೌದಿಯ ಒಂದು ದಾರ ಹೊರಬಂದಿತ್ತು; ಅದನ್ನು ಹಲ್ಲಿನಿಂದ ಕಡಿದು ಸರಿಮಾಡಿದ.

"ಅವ್ವಾ, ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ. ನನ್ನ ಹೆಸರ ಇಡೂದ ಬ್ಯಾಡ."

"ಯಾಕಪ್ಪಾ? ಅವರೇನರ ಅಂದ್ರೇನು?"

"ಏ, ಯಾರೂ ಏನೂ ಅಂದಿಲ್ಲ." ಕೌದಿಯನ್ನು ಮಡಿಸುತ್ತ ಹೇಳಿದ. "ನಿಮ್ಮ ಮನ್ಯಾಗ ಆ ಹೆಸರ ಭಾಳ ದುಡೀತೈತಿ. ಮುಂಜಾನಿ ಎದ್ದಾಗಿಂದ ಕರೀತಾರ. ಕೂಸಿಗೆ ಅಷ್ಟ ದುಡಿಮಿ ಯಾಕ?"

ಆಮೇಲೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹೊಸ್ತಿಲ ಮೇಲಿಟ್ಟು ಪಡಸಾಲೆಗೆ ಹೋದ.

ಪೇಪರು ಯಾಕೆ ಮೇಲಕ್ಕೇರುತ್ತಿತ್ತೆಂದು ನನಗೆ ಆಗ ತಿಳಿಯಿತು. ಐದು ವರ್ಷ. ಐದು ವರ್ಷ ಆ ಬಾಕಿನ ತುದಿಯಲ್ಲಿ ಕುಳಿತು, ಮಗಳ ಮನೆಯ ಚಹಾ ಕುಡಿದು, ತನ್ನ ಹೆಸರನ್ನು ಅಂಗಳದಿಂದ ಅಡುಗೆಮನೆಯವರೆಗೆ ಒಗೆದಾಡುವುದನ್ನು ಕೇಳಿಸಿಕೊಂಡು, ಊರಿಗೆ ಹೋಗುವಾಗ, ಎಲ್ಲಾರೂ ಭಾಳ ಚಲೋ ಮಂದಿ ಎಂದು ಹೇಳಿ ಹೋಗಿದ್ದ. ನಾನು ಮಿಸ್ಟರ್ ಬಿ. ರಾಜ್ ಎಂದು ಬರೆದದ್ದೂ ಅವನಿಗೆ ಅವತ್ತೇ ಗೊತ್ತಾಗಿರಬೇಕು. ಗೋಣಿಚೀಲದ ಮೇಲಿನ ಅಕ್ಷರ ಓದುವವನು ಮಗಳ ಮುಖ ಓದಲಾರನೇ?

ಹದಿಮೂರನೆಯ ದಿನ ನಡುಮನೆಯಲ್ಲಿ ಹೆಂಗಸರು ತುಂಬಿದರು. ಗುಗ್ಗರಿಯ ಬುಟ್ಟಿ ಒಂದು ಮೂಲೆಯಲ್ಲಿ ಹಬೆಯಾಡುತ್ತಿತ್ತು. ಬಳೆಗಳ ಸದ್ದು, ಹೊಸ ಸೀರೆಯ ವಾಸನೆ, ಯಾರ ಸೊಸೆ ಎಷ್ಟು ತೂಕ ಹೆಚ್ಚಿಸಿಕೊಂಡಳು ಎಂಬ ಸಮೀಕ್ಷೆ. ಮೊದಲು ಗುಂಡುಕಲ್ಲಿಗೆ ಕುಂಚಿಗೆ ಕಟ್ಟಿ ತೊಟ್ಟಿಲ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ದಾಟಿಸಿದರು. ಕಲ್ಲು ಯಾವ ತಕರಾರೂ ಮಾಡಲಿಲ್ಲ; ಅದಕ್ಕೆ ಮರ್ಯಾದೆಯಿಂದ ಗುಂಡಪ್ಪ ಎಂದು ಕರೆದರು. ಕಲ್ಲಿಗೆ ಅಪ್ಪ ಸೇರಿಸುತ್ತಾರೆ ನೋಡಿ, ನಮ್ಮ ಮಂದಿ.

ಬಳಿಕ ಕೂಸನ್ನು ಮಲಗಿಸಿದರು. ಸುನಂದಾ ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ನಾನು ಈಚೆ ಬದಿಗೆ ತೊಟ್ಟಿಲ ಹಗ್ಗ ಹಿಡಿದು ಕುಳಿತಿದ್ದೆ. ಹೆಂಗಸರು ಕೈ ಎತ್ತಿ ಸಿದ್ಧವಾದರು. ಗುದ್ದುವ ಅವಕಾಶ ನಮ್ಮ ಕಡೆಯ ಹೆಂಗಸರಿಗೆ ಬೇರೆಲ್ಲೂ ಸಿಗುವುದಿಲ್ಲ, ಆದ್ದರಿಂದ ಇದನ್ನು ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಸುನಂದಾ ಮೂರು ಸಲ ಕುರ್ರ್ ಅನ್ನಬೇಕು. ಒಂದು ಅಂದಳು. ಎರಡು ಅಂದಳು. ಮೂರನೆಯದು ಮುಗಿಸಿ ಹೆಸರಿಗೆಂದು ಉಸಿರು ತೆಗೆದುಕೊಂಡಳು.

ಆ ಉಸಿರಿನ ಜಾಗದಲ್ಲಿ ನಾನು, "ಬಸಪ್ಪ" ಎಂದೆ.

ಮೆಲ್ಲಗೆ ಅಲ್ಲ. ಅಂಗಳದ ಬೇವಿನ ಮರದವರೆಗೆ ಕೇಳುವ ಹಾಗೆ. ನನ್ನ ಬಾಯಿಂದ ಅಷ್ಟು ದೊಡ್ಡ ದನಿ ಬರುತ್ತದೆಂದು ನನಗೇ ತಿಳಿದಿರಲಿಲ್ಲ. ಮತ್ತು ಆಗ ಆದದ್ದನ್ನು ನಾನು ಯೋಜಿಸಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಕೈ ಎತ್ತಿ ಕಾಯುತ್ತಿದ್ದ ಹೆಂಗಸರಿಗೆ ಬೇಕಾಗಿದ್ದದ್ದು ಒಂದು ಹೆಸರು. ಯಾವ ಹೆಸರು, ಯಾರ ಬಾಯಿಂದ ಎಂದು ನೋಡುವ ಪುರಸೊತ್ತು ಯಾರಿಗಿತ್ತು? ಹೆಸರು ಕಿವಿಗೆ ಬಿತ್ತು, ಕೈ ಇಳಿಯಿತು. ನನ್ನ ಹಿಂದೆ ನಿಂತವರೆಲ್ಲ ನನ್ನ ಬೆನ್ನಿಗೆ ಗುದ್ದಿದರು. ಹದಿಮೂರು ದಿನದ ಬಾಣಂತಿ ಎಂದೂ ನೋಡಲಿಲ್ಲ. ಎಂಟೋ ಹತ್ತೋ ಗುದ್ದು, ಬಳೆ ಸಮೇತ. ಆಮೇಲೆ ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು.

ಸುನಂದಾ ಬಗ್ಗಿದವಳು ಬಗ್ಗಿದಂತೆಯೇ ಇದ್ದಳು. "ವೈನೀ, ಇದೇನ ಮಾಡಿದ್ರಿ?" ಎಂದಳು. "ಅವ್ವಾ, ಇದ ನಡಿಯೂದಿಲ್ಲ. ನಾ ಇನ್ನೊಮ್ಮೆ ಹೇಳ್ತೀನಿ, ಎಲ್ಲಾರೂ ಇನ್ನೊಮ್ಮೆ ಗುದ್ದರಿ."

ಎಲ್ಲರೂ ಅತ್ತೆಯನ್ನು ನೋಡಿದರು. ಅತ್ತೆ ನನ್ನನ್ನು ನೋಡಲಿಲ್ಲ, ತೊಟ್ಟಿಲನ್ನು ನೋಡಿದರು. ನನ್ನ ಮೇಲೆ ಅವರಿಗೆ ಪ್ರೀತಿ ಉಕ್ಕಿತೆಂದು ತಿಳಿಯಬೇಡಿ. ಬೀಗರ ಮೇಲೆ ಗೌರವವೂ ಅಲ್ಲ. ಶಾಸ್ತ್ರ ಕೆಟ್ಟರೆ ಏನಾಗುತ್ತದೋ ಎಂಬ ಹೆದರಿಕೆ, ಅಷ್ಟೇ.

"ಗುದ್ದಿ ಆತು" ಎಂದರು. "ಒಮ್ಮೆ ಬಿದ್ದ ಹೆಸರ ಹಿಂದಕ ತಗದ್ರ ಕೂಸಿಗೆ ಚಲೋ ಅಲ್ಲ. ಸಕ್ಕರಿ ಹಂಚರಿ." ಮತ್ತೂ ಒಂದು ಮಾತು ಸೇರಿಸಿದರು: "ಇನ್ನ ಮ್ಯಾಲ ಈ ಮನ್ಯಾಗ ಆ ಹೆಸರ ಹಿಡದ ಯಾರೂ ಬಯ್ಯಬಾರದು. ಅಶ್ಯಾಗೂ ಹೇಳರಿ."

ಅಷ್ಟು ಸುಲಭವಾಗಿತ್ತು ನೋಡಿ. ಐದು ವರ್ಷ ನನ್ನ ಅಪ್ಪ ಪೇಪರಿನ ಹಿಂದೆ ಕುಳಿತದ್ದು, ಈ ಎರಡು ಸಾಲಿನ ಆಜ್ಞೆಗಾಗಿ. ಸಕ್ಕರೆ ಹಂಚುವಾಗ ಸುನಂದಾ ನನ್ನ ಅಂಗೈಗೆ ಬೇರೆಯವರಿಗಿಂತ ಕಡಿಮೆ ಹಾಕಿದಳು, ಅದನ್ನೂ ನೋಡಿಕೊಂಡೆ.

ಈಗ ಆ ಕೂಸಿಗೆ ಹತ್ತು ವರ್ಷ. ಓಣಿ ಹುಡುಗರು, "ಏ ಬಸ್ಯಾ, ಬಾರಲೇ" ಎಂದು ಬಾಗಿಲಲ್ಲಿ ಕೂಗುತ್ತಾರೆ. ಅವನು ಅರ್ಧ ರೊಟ್ಟಿ ಬಾಯಲ್ಲಿಟ್ಟುಕೊಂಡು ಓಡುತ್ತಾನೆ. ಅದಕ್ಕೆ ನನಗೆ ಏನೂ ಅನಿಸುವುದಿಲ್ಲ. ಅವರು ಅವನನ್ನೇ ಕರೆಯುತ್ತಾರೆ, ಅವನು ಬರಲೆಂದು ಕರೆಯುತ್ತಾರೆ. ಬರಬಾರದ ಎಲ್ಲದಕ್ಕೂ ಆ ಹೆಸರನ್ನು ಅಂಟಿಸುವುದು ಬೇರೆ.

ಆದರೆ ಅವತ್ತಿನದು ಇನ್ನೂ ಸ್ವಲ್ಪ ಇದೆ.

ಹೆಂಗಸರು ಎಲೆಯಡಿಕೆಗೆ ಕುಳಿತ ಮೇಲೆ ನಾನು ಬೆನ್ನು ನೀವಿಕೊಳ್ಳುತ್ತ ಕೋಣೆಯ ಕಿಟಕಿಗೆ ಬಂದೆ. ಅದು ಪಡಸಾಲೆಯ ಕಡೆಗೆ ತೆರೆಯುತ್ತದೆ. ಗಂಡಸರಿಗೆ ಗುಗ್ಗರಿ ಕೊಟ್ಟಿದ್ದರು. ಅಪ್ಪ ಬಾಕಿನ ತುದಿಯಲ್ಲಿ ತಟ್ಟೆ ಹಿಡಿದು ಕುಳಿತಿದ್ದ. ನನ್ನ ಕೂಗು ಅವನಿಗೆ ಕೇಳಿಸಿರಲೇಬೇಕು. ಮುಖದಲ್ಲಿ ಏನೂ ತೋರುತ್ತಿರಲಿಲ್ಲ. ಕಾಳುಗಳನ್ನು ಒಂದೊಂದಾಗಿ ತಿನ್ನುತ್ತಿದ್ದ. ಕೆಳಗೆ ಮೆಟ್ಟಿಲ ಮೇಲೆ ಮಲ್ಲಪ್ಪ ಕುಳಿತಿದ್ದ. ನಮ್ಮ ತೋಟದಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಗುಂಪಿನ ಮುಖ್ಯಸ್ಥ, ಅಪ್ಪನ ವಯಸ್ಸಿನವನು. ಯಾವ ಕಣ್ಣನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕೆಂದು ಬಳ್ಳಿಯನ್ನು ಮುಟ್ಟಿಯೇ ಹೇಳಬಲ್ಲ. ಅವನು ತಪ್ಪು ಕತ್ತರಿಸಿದ್ದನ್ನು ಯಾರೂ ಕಂಡಿಲ್ಲ. ತಟ್ಟೆಗಳು ಸಾಲಲಿಲ್ಲವೆಂದು ಅವನಿಗೆ ಮುತ್ತಲದೆಲೆಯಲ್ಲಿ ಗುಗ್ಗರಿ ಕೊಟ್ಟಿದ್ದರು.

ಬೇವಿನ ಕೆಳಗೆ ಅಶೋಕ ಫೋನಿನಲ್ಲಿದ್ದ. ಯಾರೋ ವ್ಯಾಪಾರಿ ಒಪ್ಪಿದ ಮಾತಿಗೆ ತಪ್ಪಿದ್ದ. ಅಶೋಕನ ದನಿ ಏರಿತು.

"ನನ್ನೇನ ಬ..."

ನಿಂತ. ಆಜ್ಞೆ ಅವನಿಗೆ ಮುಟ್ಟಿತ್ತು. ಪಡಸಾಲೆಯ ಕಡೆ ತಿರುಗಿ ಅಪ್ಪನನ್ನು ನೋಡಿದ. ಆ ಮುದುಕನಿಗೆ ಒಂದು ಹೆಸರಿದೆ ಎಂಬುದು ಅವನಿಗೆ ಮೊದಲ ಸಲ ಕಂಡಂತಿತ್ತು. ಕಿಟಕಿಯಲ್ಲಿ ನಿಂತಿದ್ದ ನಾನು ಗೆದ್ದೆ ಎಂದುಕೊಂಡೆ. ಎಂಜಲು ನುಂಗುವಷ್ಟು ಹೊತ್ತು, ಅಷ್ಟೇ.

"ನನ್ನೇನ ಮಲ್ಯಾ ಅಂತ ತಿಳದೀ ಏನ?" ಎಂದ ಅಶೋಕ.

ಎಷ್ಟು ಸರಾಗವಾಗಿ ಬಂತೆಂದರೆ, ಆ ಮಾತು ನೂರು ವರ್ಷದಿಂದ ಹಾಗೇ ಇತ್ತೇನೋ ಅನ್ನಬೇಕು. ಒಂದು ಹೆಸರಿಗೆ ಬೀಗ ಬಿದ್ದರೆ ಇನ್ನೊಂದು ಹೆಸರು ಮೆಟ್ಟಿಲ ಮೇಲೆ ಕುಳಿತೇ ಇರುತ್ತದೆ. ಫೋನಿನ ಆ ಬದಿಯವನಿಗೂ ಅರ್ಥವಾಗಿರಬೇಕು, ವ್ಯವಹಾರ ಮುಂದುವರಿಯಿತು.

ಮಲ್ಲಪ್ಪನ ಕೈ ಎಲೆಯ ಮೇಲೆ ನಿಂತಿತು. ತಲೆ ಎತ್ತಲಿಲ್ಲ. ಅವನ ಹತ್ತಿರ ಪೇಪರೂ ಇರಲಿಲ್ಲ.

ಅಪ್ಪ ತಟ್ಟೆಯನ್ನು ತೊಡೆಯಿಂದ ಎತ್ತಿಕೊಂಡು ಬಾಕಿನ ಮೇಲೆ ಒಂದು ಆಳು ಕೂರುವಷ್ಟು ಸರಿದ. ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದ.

"ಇಲ್ಲಿ ಬರ್ರಿ, ಮಲ್ಲಪ್ಪಾರ. ಮ್ಯಾಲ ಕುಂಡರ್ರಿ."

ಮಲ್ಲಪ್ಪ ಮೊದಲು ಅಶೋಕನ ಕಡೆ ನೋಡಿದ, ಆಮೇಲೆ ಬಾಕಿನ ಕಡೆ. ಬೇಡವೆಂದ. ಅಪ್ಪ ಮತ್ತೊಮ್ಮೆ ಕರೆದ. ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮಲ್ಲಪ್ಪ ಮೇಲೆ ಬಂದು, ಬಾಕಿನ ಅಂಚಿಗೆ, ಅರ್ಧ ಮಾತ್ರ ಕುಳಿತ. ಅಪ್ಪ ಯಾವ ಊರೆಂದು ಕೇಳಿದ. ಜುಗೂಳ ಎಂದ. ಬಳ್ಳಿ ಕತ್ತರಿಸುವುದನ್ನು ಯಾರಿಂದ ಕಲಿತದ್ದೆಂದು ಕೇಳಿದ. ಯಾರಿಂದಲೂ ಅಲ್ಲ, ತಾನೇ ನೋಡಿ ನೋಡಿ ಕಲಿತೆ ಎಂದ. ಇಬ್ಬರೂ ಸ್ವಲ್ಪ ಹೊತ್ತು ಗುಗ್ಗರಿ ತಿಂದರು. ಬಳಿಕ ಅಪ್ಪ, ಸುಮ್ಮನೆ ಮಾತಿಗೆ ಎಂಬಂತೆ, ಪೂರ್ತಿ ಹೆಸರು ಏನೆಂದು ಕೇಳಿದ.

"ಮಲ್ಲಿಕಾರ್ಜುನ್ರಿ" ಎಂದ ಮಲ್ಲಪ್ಪ.

ಹೇಳುವಾಗ ಅವನು ಎದ್ದು ನಿಂತಿದ್ದ.